ಫ್ಯಾನ್‌ಗ್ರಾಫ್ಸ್ ರಿವ್ಯೂ: ವಾರ್ ಆಮೇಲ್ ನೋಡಿ, ಮೊದ್ಲು ರೋಸ್ಟರ್ ಪೇಜ್ ನೋಡಿ

ಮೊದ್ಲೇ ಹೇಳ್ಬಿಡ್ತೀನಿ, ಫ್ಯಾನ್‌ಗ್ರಾಫ್ಸ್ ಅನ್ನೋದು ಬೇಸ್‌ಬಾಲ್ ಸ್ಕೋರ್ ನೋಡೋ ಸೈಟಲ್ಲ, ಮ್ಯಾಚ್ ಮುಗಿದ್ಮೇಲೆ ಜಗಳ ಆಡೋರಿಗೆ ಅಂತ್ಲೇ ಇರೋ ಸೈಟು. ಯಾವ ಆಟಗಾರ ಎಷ್ಟು ಬೆಲೆ ಬಾಳ್ತಾನೆ, ಯಾರನ್ನ ಕೊಟ್ಟು ಯಾರನ್ನ ತರ್ಬೇಕು, ಟೀಮ್ ನಡೆಸೋರಿಗೆ ತಲೆ ಇದ್ಯೋ ಇಲ್ವೋ, ಇಂಥವೇ ವಿಷ್ಯ. 2005ರಲ್ಲಿ ಡೇವಿಡ್ ಆಪಲ್‌ಮನ್ ಅನ್ನೋರು ಶುರು ಮಾಡಿದ್ದು. ಬಹಳಷ್ಟು ಪುಕ್ಕಟೆನೇ ಸಿಗುತ್ತೆ, ದುಡ್ಡು ಕೊಟ್ಟು ಮೆಂಬರ್ ಆದ್ರೆ ಜಾಹೀರಾತಿನ ಕಾಟ ಇರಲ್ಲ. ನಾನಿರೋದು ಸಿಯಾಟಲ್ ಕಡೆ, ಮ್ಯಾರಿನರ್ಸ್ ಫ್ಯಾನು, ಹಾಗಾಗಿ ಜಗಳಕ್ಕೆ ಕಾರಣ ಹುಡುಕ್ಕೊಂಡ್ ಹೋಗ್ಬೇಕಾಗಿಲ್ಲ. 2025ರ ಸೀಸನ್ ಮುಗಿಯೋವರ್ಗೂ ಮೇಜರ್ ಲೀಗಿನ 30 ಟೀಮಲ್ಲಿ ವರ್ಲ್ಡ್ ಸೀರೀಸ್ ಅನ್ನೋ ಫೈನಲ್ಲಿನ ಮುಖಾನೇ ನೋಡ್ದಿರೋದು ನಮ್ದೊಂದೇ ಟೀಮು. ಆರ್‌ಸಿಬಿ ಫ್ಯಾನ್ ಆಗಿ ಬೆಳ್ದೋನಿಗೆ ಇದೇನ್ ಹೊಸ್ದಲ್ಲ ಬಿಡಿ, ಆದ್ರೆ ಆರ್‌ಸಿಬಿ ಫೈನಲ್ಲಾದ್ರೂ ಆಡ್ತಿತ್ತು, 2025ರಲ್ಲಿ ಕಪ್ಪೂ ಗೆದ್ದಾಯ್ತು.

ಸೈಟಿಗೆ ಹೆಸ್ರು ಬಂದಿರೋದು ವಾರ್ ಅನ್ನೋ ಒಂದು ನಂಬರಿಂದ, ಅಂದ್ರೆ ವಿನ್ಸ್ ಅಬವ್ ರಿಪ್ಲೇಸ್‌ಮೆಂಟ್. ಮದ್ವೆ ಹಿಂದಿನ್ ರಾತ್ರಿ ಅಡುಗೆ ಭಟ್ರು ಕೈಕೊಟ್ರೆ ಪಕ್ಕದೂರಿಂದ ಯಾರೋ ಒಬ್ರನ್ನ ಕರ್ಕೊಂಡ್ ಬರ್ತೀವಲ್ಲ, ಊಟ ಆಗತ್ತೆ ಆದ್ರೆ ಯಾರೂ ಹೊಗಳಲ್ಲ, ಆ ಭಟ್ರೇ ರಿಪ್ಲೇಸ್‌ಮೆಂಟ್ ಲೆವೆಲ್. ಅವರಿಗಿಂತ ನಮ್ಮ ಭಟ್ರು ಎಷ್ಟು ಮ್ಯಾಚ್ ಜಾಸ್ತಿ ಗೆಲ್ಲಿಸ್ಕೊಟ್ರು ಅನ್ನೋದೇ ವಾರ್. ಇಡೀ ಟೀಮ್ ಅಂಥೋರಿಂದ್ಲೇ ತುಂಬಿಸಿದ್ರೆ ಸೀಸನ್ನಿನ 162ರಲ್ಲಿ ಸುಮಾರು 48 ಮ್ಯಾಚ್ ಗೆಲ್ಲುತ್ತೆ ಅಂತ ಲೆಕ್ಕ. 2013ರಲ್ಲಿ ಇವ್ರೂ ಬೇಸ್‌ಬಾಲ್ ರೆಫರೆನ್ಸ್ ಅನ್ನೋ ಇನ್ನೊಂದು ಅಂಕಿಅಂಶದ ಸೈಟಿನೋರೂ ಮಾತಾಡ್ಕೊಂಡು, ಒಂದು ಪೂರ್ತಿ ಸೀಸನ್ನಲ್ಲಿ ಎಲ್ಲಾ ಟೀಮೂ ಸೇರಿ ಆಡೋ 2430 ಮ್ಯಾಚಿಗೆ ಒಟ್ಟು 1000 ವಾರ್ ಅಂತ ಗೆರೆ ಹಾಕ್ಕೊಂಡ್ರು. ಬುಡ ಒಂದೇ ಆಯ್ತು, ಆದ್ರೆ ಅದ್ರ ಮೇಲೆ ಇಬ್ರೂ ಕಟ್ಟಿರೋ ಮನೆ ಬೇರೆ ಬೇರೆ, ಜಗಳ ಶುರುವಾಗೋದೇ ಅಲ್ಲಿ.

ಪಿಚರ್‌ಗಳ, ಅಂದ್ರೆ ಬಾಲ್ ಎಸೆಯೋರ ವಿಷ್ಯಾನೇ ತಗೊಳ್ಳಿ. ಫ್ಯಾನ್‌ಗ್ರಾಫ್ಸ್‌ನೋರು ಫಿಪ್ ಅಂತ ಒಂದ್ ಲೆಕ್ಕ ಇಟ್ಕೊಂಡಿದ್ದಾರೆ, ಮುಖ್ಯವಾಗಿ ಸ್ಟ್ರೈಕ್‌ಔಟು (ಪಿಚರ್ ತಾನೇ ಔಟ್ ಮಾಡಿದ್ದು), ವಾಕು (ಸರಿಯಾಗಿ ಬಾಲ್ ಹಾಕ್ದೆ ಬ್ಯಾಟರ್‌ಗೆ ಪುಕ್ಕಟೆ ಬೇಸ್ ಕೊಟ್ಟಿದ್ದು), ಹೋಮ್ ರನ್ನು (ನಮ್ಮ ಸಿಕ್ಸರ್ ಥರ) ಇಷ್ಟೇ ನೋಡ್ತಾರೆ, ಮಿಕ್ಕಿದ್ದು ಫೀಲ್ಡರುಗಳ ಕೈಲಿ, ಅದೃಷ್ಟದ ಕೈಲಿ ಇರೋದು ಅಂತ. ಬೇಸ್‌ಬಾಲ್ ರೆಫರೆನ್ಸ್‌ನೋರು ನಿಜ್ವಾಗ್ಲೂ ಎಷ್ಟು ರನ್ ಕೊಟ್ಟ ಅನ್ನೋದ್ರಿಂದ ಶುರು ಮಾಡಿ, ಹಿಂದಿದ್ದ ಫೀಲ್ಡಿಂಗ್ ಎಷ್ಟು ಚೆನ್ನಾಗಿತ್ತು ಅಂತ ಕಳೆದು ಕೂಡಿಸ್ತಾರೆ. 2023ರಲ್ಲಿ ಬ್ಲೇಕ್ ಸ್ನೆಲ್ ನ್ಯಾಷನಲ್ ಲೀಗಿನ ಬೆಸ್ಟ್ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿ ಗೆದ್ದ ವರ್ಷ, ಇಆರ್‌ಎ (ಫೀಲ್ಡರ್‌ಗಳ ತಪ್ಪಿನ ರನ್ ಬಿಟ್ಟು ಒಂಬತ್ತು ಇನ್ನಿಂಗ್ಸಿಗೆ ಕೊಟ್ಟ ರನ್ನಿನ ಸರಾಸರಿ) 2.25, ಆದ್ರೆ ಕೊಟ್ಟ ವಾಕು 99, ಆ ವರ್ಷ ಯಾರೂ ಅಷ್ಟು ಕೊಟ್ಟಿಲ್ಲ. ರೆಫರೆನ್ಸಲ್ಲಿ ಅವನ ವಾರ್ 6ರ ಹತ್ರ, ಫ್ಯಾನ್‌ಗ್ರಾಫ್ಸಲ್ಲಿ 4ರ ಹತ್ರ. ಅದೇ ಮನುಷ್ಯ, ಅದೇ ಇನ್ನಿಂಗ್ಸು! ಏನಾಯ್ತೋ ಅದಕ್ಕೆ ಮಾರ್ಕ್ಸ್ ಕೊಡ್ಬೇಕಾ, ಮುಂದಿನ್ವರ್ಷ ಏನಾಗ್ಬಹುದು ಅನ್ನೋದಕ್ಕಾ? ಪ್ರಶಸ್ತಿ ಜಗಳಕ್ಕೆ ರೆಫರೆನ್ಸ್ ಸರಿ, ದುಡ್ಡು ಕೊಟ್ಟು ತಗೋಬೇಕಾ ಅನ್ನೋ ಜಗಳಕ್ಕೆ ಫ್ಯಾನ್‌ಗ್ರಾಫ್ಸ್ ಸರಿ ಅಂತ ನನ್ನ ಲೆಕ್ಕ.

ಬ್ಯಾಟರ್ ಹಿಂದೆ ನಮ್ಮ ಕೀಪರ್ ಥರ ಕೂತು ಬಾಲ್ ಹಿಡಿಯೋ ಕ್ಯಾಚರ್‌ಗಳ ಕಥೆ ಇನ್ನೂ ಮಜಾ. ಸ್ಟ್ರೈಕ್ ಝೋನಿನ (ಪಿಚರ್ ಬಾಲ್ ಹಾಕ್ಬೇಕಾದ ಚೌಕದ) ಅಂಚಲ್ಲಿ ಬಂದ ಬಾಲನ್ನ ಗ್ಲೌಸಲ್ಲಿ ಹಿಡ್ದು ಮೆತ್ತಗೆ ಒಳಗೆ ಎಳ್ಕೊಂಡು ಅಂಪೈರ್ ಕೈಲಿ ಸ್ಟ್ರೈಕ್ ಅನ್ನಿಸೋ ಕಲೆಗೆ ಫ್ರೇಮಿಂಗ್ ಅಂತಾರೆ. 2019ರಿಂದ ಫ್ಯಾನ್‌ಗ್ರಾಫ್ಸ್ ಇದನ್ನ ವಾರ್‌ನಲ್ಲಿ ಸೇರಿಸ್ತಾರೆ, ರೆಫರೆನ್ಸ್‌ನೋರು ಸೇರಿಸಲ್ಲ. 2025ರಲ್ಲಿ ನಮ್ಮ ಕ್ಯಾಲ್ ರಾಲಿ 60 ಹೋಮ್ ರನ್ ಹೊಡ್ದ, ಕ್ಯಾಚರ್ ಒಬ್ಬ ಅಷ್ಟು ಹೊಡೆದಿದ್ದು ಹಿಂದೆ ಯಾವತ್ತೂ ಇಲ್ಲ, ಹಳೇ ದಾಖಲೆ ಸಾಲ್ವಡೋರ್ ಪೆರೆಜ್‌ನ 48. ಅವನ ವಾರ್ ಫ್ಯಾನ್‌ಗ್ರಾಫ್ಸಲ್ಲಿ 9 ದಾಟುತ್ತೆ, ರೆಫರೆನ್ಸಲ್ಲಿ 7 ಚಿಲ್ರೆ, ಆ ಗ್ಯಾಪಲ್ಲಿ ಫ್ರೇಮಿಂಗ್ ಪಾಲು ದೊಡ್ದು. ಎರಡ್ರಲ್ಲೂ ಯಾಂಕೀಸ್‌ನ ಆರನ್ ಜಡ್ಜ್ ಇವನಿಗಿಂತ ಮುಂದೆ. ಲೀಗಿನ ಬೆಸ್ಟ್ ಆಟಗಾರನಿಗೆ ಕೊಡೋ ಎಂವಿಪಿ ಪ್ರಶಸ್ತಿ ಜಡ್ಜ್‌ಗೇ ಹೋಯ್ತು, ಮೊದಲ ಸ್ಥಾನದ ಓಟು 17 ಅವನಿಗೆ, 13 ನಮ್ಮೋನಿಗೆ. ಆಫೀಸಲ್ಲಿ ಊಟದ ಹೊತ್ತಿಗೆ ನಮ್ಮ ಹುಬ್ಬಳ್ಳಿ ಗೆಳೆಯ ಟಿಫನ್ ಡಬ್ಬಿ ಮುಚ್ಚಳ ಟೇಬಲ್ಲಿಗೆ ಕುಟ್ಟಿ ಕುಟ್ಟಿ, "ಲೇ, ದಿನಾ ಮಂಡಿ ಮ್ಯಾಲ ಕುಂತು ನೂರಾರು ಬಾಲ್ ಹಿಡದು, ಮ್ಯಾಲ 60 ಹೊಡದಾನ, ಅವಂಗ ಕೊಡಂಗಿಲ್ಲಂದ್ರ ಮತ್ತ್ಯಾರಿಗ ಕೊಡ್ತೀರಪಾ?" ಅಂದ. ಅಲ್ಲಯ್ಯಾ, ಜಡ್ಜ್ ಬ್ಯಾಟಿಂಗ್ ಆವರೇಜು .331, ಮೇಲೆ 53 ಹೋಮ್ ರನ್ನು ಅಂದ್ರೆ, ಅವನು ಮಂಡಿ ಮ್ಯಾಲ ಕುಂತಿದ್ನ್ಯಾ ಅಂತಾನೆ. ಇದಕ್ಕೆ ಸೈಟಲ್ಲಿ ಉತ್ತರ ಇಲ್ಲ. 2026ರಿಂದ ಅಂಪೈರ್ ಕೊಟ್ಟ ಬಾಲ್ ಸ್ಟ್ರೈಕ್ ತೀರ್ಪಿಗೆ ಚಾಲೆಂಜ್ ಹಾಕೋ ಪದ್ಧತಿ ಬೇರೆ, ಇನ್ಮೇಲೆ ಫ್ರೇಮಿಂಗಿಗೆ ಎಷ್ಟು ಬೆಲೆ ಕಟ್ಟೋದು ಅನ್ನೋದು ಇನ್ನೊಂದು ಜಗಳ.

ಇಷ್ಟಕ್ಕೇ ಆಗಿದ್ರೆ ನಾನು ಮೆಂಬರ್‌ಶಿಪ್ಪಿಗೆ ದುಡ್ಡು ಹಾಕ್ತಿರ್ಲಿಲ್ಲ. ವಾರ್ ಎಲ್ಲಾ ಕಡೆ ಸಿಗುತ್ತೆ. ದುಡ್ಡು ಹಾಕ್ಬೇಕು ಅನ್ನಿಸೋದು ಅಲ್ಲೇ ಒಳಗಿರೋ ರೋಸ್ಟರ್ ರಿಸೋರ್ಸ್ ಅನ್ನೋ ಭಾಗಕ್ಕೆ. ಒಂದೊಂದು ಟೀಮಿಗೂ ಒಂದೊಂದು ಪುಟ, ಬ್ಯಾಟಿಂಗ್ ಆರ್ಡರು, ಬೆಂಚು, ಸ್ಟಾರ್ಟಿಂಗ್ ಪಿಚರ್‌ಗಳು, ಬುಲ್‌ಪೆನ್ನು (ಮಧ್ಯದಲ್ಲಿ ಬರೋ ಪಿಚರ್‌ಗಳು), ಗಾಯ ಆದೋರ ಪಟ್ಟಿ, ಆಮೇಲೆ ಕೆಳಗಿನ ಮೈನರ್ ಲೀಗಿನ ಹುಡುಗ್ರು. ಒಬ್ಬೊಬ್ಬನ ಹೆಸರಿನ ಪಕ್ಕ ವಯಸ್ಸು, ಸರ್ವಿಸ್ ಟೈಮು, ಎಷ್ಟು ಆಪ್ಷನ್ ಉಳ್ದಿದೆ, ಟೀಮಿಗೆ ಹೇಗೆ ಬಂದ. ನೋಡೋಕೆ ರೇಷನ್ ಅಂಗಡಿ ರಿಜಿಸ್ಟರ್ ಥರ ಇದೆ, ಚಂದ ಅಂತ ಯಾರೂ ಅನ್ನಲ್ಲ, ಆದ್ರೆ ಫ್ಯಾನ್‌ಗಳು ಅರ್ಧ ಜಗಳ ಆಡೋದೇ ಆ ಆಪ್ಷನ್ ಅನ್ನೋ ಕಾಲಂ ನೋಡ್ದೇ ಇರೋದ್ರಿಂದ.

ಹೇಗೆ ಅಂದ್ರೆ, ಟೀಮಿನ 40 ಜನರ ಪಟ್ಟೀಲಿರೋರಲ್ಲಿ ಆಡೋ ರೋಸ್ಟರಿಗೆ 26 ಜನಕ್ಕಷ್ಟೇ ಜಾಗ. ಆಪ್ಷನ್ ಉಳ್ದಿರೋನನ್ನ ಸುಮ್ನೆ ಟಕೋಮಾಗೆ (ನಮ್ಮ ಮೈನರ್ ಲೀಗ್ ಟೀಮ್ ಇರೋ ಊರು) ಕಳ್ಸಿ ಬೇಕಾದಾಗ ವಾಪಸ್ ಕರೆಸ್ಕೋಬಹುದು, ಒಬ್ಬನಿಗೆ ಸಾಮಾನ್ಯವಾಗಿ ಮೂರು ಸೀಸನ್ನಿನ ಆಪ್ಷನ್ ಇರತ್ತೆ, 2022ರಿಂದ ಒಂದು ಸೀಸನ್ನಲ್ಲಿ ಐದು ಸಲಕ್ಕಿಂತ ಜಾಸ್ತಿ ಹಂಗೆ ಕೆಳಗೆ ಕಳ್ಸೋ ಹಂಗಿಲ್ಲ. ಆಪ್ಷನ್ ಖಾಲಿ ಆದೋನನ್ನ ಕೆಳಗೆ ಕಳ್ಸೋಕೆ ಮೊದ್ಲು ವೇವರ್ಸಲ್ಲಿ ಇಡ್ಬೇಕು, ಬೇರೆ ಯಾವ ಟೀಮ್ ಬೇಕಾದ್ರೂ ಎತ್ತಾಕ್ಕೊಂಡ್ ಹೋಗ್ಬಹುದು. ಹಾಗಾಗಿ ಮಾರ್ಚಲ್ಲಿ ಸ್ಪ್ರಿಂಗ್ ಟ್ರೈನಿಂಗಲ್ಲಿ ಚಚ್ಚಿದ ಹುಡ್ಗ ಟಕೋಮಾಗೆ ಹೋಗ್ತಾನೆ, ತಿಣುಕಾಡಿದೋನು ಟೀಮಲ್ಲಿ ಉಳೀತಾನೆ, ಫ್ಯಾನ್‌ಗಳೆಲ್ಲಾ ಇದೇನ್ ಅನ್ಯಾಯ ಅಂತ ಬೊಬ್ಬೆ ಹೊಡೀತಾರೆ. ಪೇಜ್ ತೆಗೆದು ನೋಡಿದ್ರೆ ಚಚ್ಚಿದೋನ ಮುಂದೆ 2 ಅಂತ ಇರತ್ತೆ, ತಿಣುಕಾಡಿದೋನ ಮುಂದೆ 0. ಇಬ್ರನ್ನೂ ಉಳಿಸ್ಕೊಳ್ಳೋ ದಾರಿ ಅದೊಂದೇ. ಒಪ್ಪೋದು ಬಿಡೋದು ನಿಮ್ಗೆ ಬಿಟ್ಟಿದ್ದು, ಕಾರಣ ಅಂತೂ ಗೊತ್ತಾಗುತ್ತೆ.

ಸರ್ವಿಸ್ ಟೈಮ್ ಕಾಲಂ ಅಂತೂ ಇನ್ನೂ ಕ್ರೂರ. 172 ದಿನ ಮೇಜರ್ ಲೀಗಲ್ಲಿ ಇದ್ರೆ ಒಂದು ವರ್ಷ ಅಂತ ಲೆಕ್ಕ, ಅಂಥ ಆರು ವರ್ಷ ಆದ್ಮೇಲಷ್ಟೇ ಆಟಗಾರ ಫ್ರೀ ಏಜೆಂಟ್, ಅಂದ್ರೆ ಬೇಕಾದ ಟೀಮಿಗೆ ಹೋಗ್ಬಹುದು, ಸಾಮಾನ್ಯವಾಗಿ ಮೊದಲ ಮೂರು ವರ್ಷ ಹತ್ರತ್ರ ಕನಿಷ್ಠ ಸಂಬಳ, ಆಮೇಲೆ ಆರ್ಬಿಟ್ರೇಷನ್ನು, ಅಂದ್ರೆ ಸಂಬಳ ಒಪ್ಪಿಗೆ ಆಗ್ದಿದ್ರೆ ಮಧ್ಯಸ್ಥರು ತೀರ್ಮಾನ ಮಾಡೋದು. 2015ರಲ್ಲಿ ಶಿಕಾಗೋ ಕಬ್ಸ್‌ನೋರು ಕ್ರಿಸ್ ಬ್ರಯಂಟ್‌ನ ಏಪ್ರಿಲ್ 17ಕ್ಕೆ ಮೇಲೆ ಕರ್ಕೊಂಡ್ರು, ವರ್ಷದ ಕೊನೆಗೆ ಅವನ ಲೆಕ್ಕ 171 ದಿನ. ಒಂದೇ ಒಂದು ದಿನ ಕಮ್ಮಿ, ಹಾಗಾಗಿ ಫ್ರೀ ಏಜೆಂಟ್ ಆಗೋದು ಒಂದು ವರ್ಷ ಮುಂದಕ್ಕೆ! ಅವನು ದೂರು ಕೊಟ್ಟ, 2020ರಲ್ಲಿ ಸೋತ. ಐಪಿಎಲ್ ನೋಡಿ ಬೆಳ್ದ ನಮ್ಮೋರಿಗೆ ಇದು ತಲೆಗೆ ಹೋಗೋಕೆ ಸ್ವಲ್ಪ ಟೈಮ್ ಬೇಕು, ಯಾಕಂದ್ರೆ ನಮ್ಮಲ್ಲಿ ಕೆಲವು ವರ್ಷಕ್ಕೊಮ್ಮೆ ಮೆಗಾ ಆಕ್ಷನ್ ಬಂದು ಹೆಚ್ಚುಕಮ್ಮಿ ಎಲ್ಲಾ ಅಳಿಸಿ ಹೊಸದಾಗಿ ಬರೀತಾರೆ, 2025ರ ಸೀಸನ್ನಿಗೆ ಪ್ರತಿ ಟೀಮಿಗೂ 120 ಕೋಟಿ ಪರ್ಸು, ಅದ್ರಲ್ಲೇ ಏನ್ ಮಾಡ್ತೀಯೋ ಮಾಡು. ಇಲ್ಲಿ ಹಂಗೆ ಗಟ್ಟಿ ಮಿತಿ ಇಲ್ಲ, ಇರೋದು ಲಕ್ಷುರಿ ಟ್ಯಾಕ್ಸು, 2025ಕ್ಕೆ ಟೀಮಿನ ಒಟ್ಟು ಸಂಬಳದ ಗೆರೆ 241 ಮಿಲಿಯನ್ ಡಾಲರ್, ದಾಟಿದ್ರೆ ದಂಡ ಅಷ್ಟೆ. ಡಾಡ್ಜರ್ಸ್‌ನೋರ ಲೆಕ್ಕ ಆ ವರ್ಷ 400 ಮಿಲಿಯನ್ ದಾಟಿತ್ತು, ಕಪ್ಪೂ ಅವ್ರೇ ಹೊತ್ಕೊಂಡ್ ಹೋದ್ರು, ಸತತ ಎರಡನೇ ಸಲ.

ಪೇರೋಲ್ ಪೇಜೂ ಅಲ್ಲೇ ಇದೆ. ಯಾರಿಗೆ ಯಾವ ವರ್ಷದವರ್ಗೂ ಎಷ್ಟು ಕಟ್ಬೇಕು ಅಂತ ಸಾಲಾಗಿ ಇರತ್ತೆ. ಡಾಡ್ಜರ್ಸ್‌ನ ಆಟಗಾರ ಒಹ್ತಾನಿ ಒಪ್ಪಂದ ಹತ್ತು ವರ್ಷಕ್ಕೆ 700 ಮಿಲಿಯನ್, ಅದ್ರಲ್ಲಿ 680 ಆಮೇಲೆ ಕೊಡೋದು, ಆಡೋ ವರ್ಷದಲ್ಲಿ ಕೈಗೆ ಬರೋದು 2 ಮಿಲಿಯನ್, ಟ್ಯಾಕ್ಸ್ ಲೆಕ್ಕಕ್ಕೆ ಮಾತ್ರ ವರ್ಷಕ್ಕೆ ಸುಮಾರು 46. ಒಂದೇ ಒಪ್ಪಂದಕ್ಕೆ ಮೂರು ಬೇರೆ ನಂಬರು, ಮೂರೂ ಸರಿನೇ, ಜಗಳದಲ್ಲಿ ಒಬ್ಬೊಬ್ರು ಒಂದೊಂದ್ ನಂಬರ್ ಹಿಡ್ಕೊಂಡು ಕೂಗಾಡ್ತಿರ್ತಾರೆ.

ನಂಗೆ ಒಪ್ಪಿಗೆ ಆಗ್ದೇ ಇರೋದು ಆಟಗಾರರ ಪೇಜಿನ ಕೆಳಗಿರೋ ಡಾಲರ್ ಲೆಕ್ಕ. ಒಂದು ವಾರ್‌ಗೆ ಇಷ್ಟು ಮಿಲಿಯನ್ ಅಂತ ಗುಣಿಸಿ, ಈ ವರ್ಷ ಇವನು ಇಷ್ಟು ಬೆಲೆ ಬಾಳಿದ ಅಂತ ತೋರಿಸ್ತಾರೆ. ಆ ಲೆಕ್ಕದಲ್ಲಿ 6 ವಾರ್‌ನೋನು ಒಬ್ಬ ಅಂದ್ರೂ ಒಂದೇ, 2 ವಾರ್‌ನೋರು ಮೂರು ಜನ ಅಂದ್ರೂ ಒಂದೇ. ಆದ್ರೆ ಬ್ಯಾಟ್ ಹಿಡ್ಕೊಂಡು ನಿಲ್ಲೋಕೆ ಒಂಬತ್ತೇ ಜನಕ್ಕೆ ಜಾಗ ಅಲ್ವಾ, ಒಂದೇ ಜಾಗದಲ್ಲಿ ಆರು ಸಿಕ್ರೆ ಉಳಿದೆರಡು ಜಾಗ ಇನ್ನೂ ಖಾಲಿ ಇರತ್ತೆ, ಅಲ್ಲಿ ಇನ್ಯಾರನ್ನೋ ತರ್ಬಹುದು. ಮೆಟ್ಸ್‌ನೋರು ಹುವಾನ್ ಸೋಟೊಗೆ 15 ವರ್ಷಕ್ಕೆ 765 ಮಿಲಿಯನ್ ಕೊಟ್ಟಾಗ ಹುಚ್ಚು ಅಂದೋರೆಲ್ಲಾ ಇದೇ ಗುಣಾಕಾರ ಹಿಡ್ಕೊಂಡಿದ್ರು, ನಂಗೆ ಅದು ಅಷ್ಟೇನ್ ಹುಚ್ಚು ಅನ್ನಿಸ್ಲಿಲ್ಲ. ಕೊನೇ ನಾಲ್ಕೈದು ವರ್ಷ ಹೇಗಿರತ್ತೋ ಅದು ಬೇರೆ ಮಾತು.

ನಮ್ಮ ಮ್ಯಾರಿನರ್ಸ್‌ನೋರು ಅಂಥ ಚೆಕ್ಕು ಬರೆಯೋರಲ್ಲ. 2023ರಲ್ಲಿ 88 ಗೆದ್ದು ಒಂದೇ ಮ್ಯಾಚಲ್ಲಿ ಪ್ಲೇಆಫ್ ತಪ್ಪಿಸ್ಕೊಂಡ ಮೇಲೆ ಟೀಮ್ ನಡೆಸೋ ಜೆರ್ರಿ ಡಿಪೋಟೊ, ವರ್ಷ ವರ್ಷ 54 ಪರ್ಸೆಂಟ್ ಗೆಲ್ತಾ ಹೋದ್ರೆ ಸಾಕು ಅನ್ನೋ ಅರ್ಥದ ಮಾತಾಡಿದ್ರು, 162ಕ್ಕೆ ಲೆಕ್ಕ ಹಾಕಿದ್ರೆ ಅದು 87 ಚಿಲ್ರೆ, ಊರಿಗೂರೇ ಉರ್ಕೊಂಡಿತ್ತು. ಮುಂದಿನ್ವರ್ಷ 85 ಗೆದ್ದು ಮತ್ತೆ ಒಂದೇ ಮ್ಯಾಚಲ್ಲಿ ತಪ್ತು. ಕೊನೆಗೆ 2025ರ ಜುಲೈಲಿ ಅರಿಜೋನಾದಿಂದ ಜಾಶ್ ನೇಯ್ಲರ್, ಯೂಹೇನಿಯೊ ಸುವಾರೆಜ್ ಇಬ್ರನ್ನೂ ತಂದ್ರು, ಡಿವಿಷನ್ ಗೆದ್ರು. ಆ ವಾರ ಪೂರ್ತಿ ನಾನು ರೋಸ್ಟರ್ ಪೇಜ್ ರಿಫ್ರೆಶ್ ಮಾಡ್ತಾ ಕೂತಿದ್ದೆ, ಯಾರು ಬಂದ್ರು ಅನ್ನೋದಕ್ಕಿಂತ ಬಂದೋರಿಗೆ ಜಾಗ ಮಾಡೋಕೆ ಯಾರು ಹೊರಗೆ ಹೋಗ್ತಾರೆ ಅನ್ನೋದೇ ಕುತೂಹಲ, ಅದು ಇಲ್ಲಿ ಕಾಣಿಸೋಷ್ಟು ಚೆನ್ನಾಗಿ ನಾನು ಬೇರೆಲ್ಲೂ ನೋಡಿಲ್ಲ.

ಇಲ್ಲಿ ಸಿಗ್ದೇ ಇರೋದೂ ಇದೆ. ಅದೇ 2025ರ ಅಕ್ಟೋಬರ್ 20, ಟೊರಾಂಟೊ ಟೀಮಿನ ಮೇಲೆ ಅವ್ರ ಊರಲ್ಲೇ ವರ್ಲ್ಡ್ ಸೀರೀಸಿಗೆ ಹಿಂದಿನ ಸುತ್ತಿನ ಏಳನೇ, ಕೊನೇ ಮ್ಯಾಚು, 3-1 ಮುಂದಿದ್ವಿ, ವರ್ಲ್ಡ್ ಸೀರೀಸಿಗೆ ಇನ್ನು ಎಂಟೇ ಔಟು, ಎಡ್ವರ್ಡ್ ಬಜಾರ್ಡೊ ಹಾಕಿದ ಬಾಲನ್ನ ಜಾರ್ಜ್ ಸ್ಪ್ರಿಂಗರ್ ಮೂರು ರನ್ನಿಗೆ ಎತ್ತಾಕ್ದ. 4-3. ನಮ್ಮ ಬೆಸ್ಟ್ ರಿಲೀವರ್ (ಮಧ್ಯದಲ್ಲಿ ಬರೋ ಪಿಚರ್) ಆಂಡ್ರೆಸ್ ಮುನ್ಯೋಸ್‌ನ ಅಲ್ಲೇ ಯಾಕೆ ತರ್ಲಿಲ್ಲ ಅನ್ನೋ ಜಗಳ ಇವತ್ತಿಗೂ ಮುಗ್ದಿಲ್ಲ. ಆ ಗಳಿಗೆ ಎಷ್ಟು ದೊಡ್ಡದು ಅಂತ ಹೇಳೋಕೆ ಲೆವರೇಜ್ ಇಂಡೆಕ್ಸ್ ಅಂತ ಒಂದ್ ನಂಬರು ಇದೆ, ಮ್ಯಾಚ್ ಸಾಗಿದ ಹಾಗೆ ಗೆಲ್ಲೋ ಸಾಧ್ಯತೆ ಏರಿಳಿಯೋ ಗ್ರಾಫೂ ಇದೆ (ಆ ರಾತ್ರೀದು ತೆಗೀಬೇಡಿ, ಊಟ ಸೇರಲ್ಲ), ಆದ್ರೆ ರಿಲೀವರ್‌ಗಳು ಒಂದ್ ಸೀಸನ್ನಲ್ಲಿ ಹಾಕೋ ಇನ್ನಿಂಗ್ಸೇ ಕಮ್ಮಿ, ಆ ಪುಟ್ಟ ವಾರ್ ಹಿಡ್ಕೊಂಡು ಇವನಿಗಿಂತ ಅವನು ಮೇಲು ಅಂತ ವಾದ ಮಾಡೋಕ್ ಹೋಗ್ಬೇಡಿ. ಪ್ಲೇಆಫ್ ಸೇರೋ ಸಾಧ್ಯತೆ ತೋರ್ಸೋ ಪ್ಲೇಆಫ್ ಆಡ್ಸ್ ಪೇಜೂ ಹಂಗೇನೆ, ಆರು ತಿಂಗ್ಳಿನ ಸೀಸನ್ನಿಗೆ ಚೆನ್ನಾಗಿದೆ, ಅಕ್ಟೋಬರಲ್ಲಿ ಅದನ್ನ ನೋಡ್ತಾ ಕೂತ್ರೆ ಬಿಪಿ ಏರೋದಷ್ಟೇ.

ದುಡ್ಡಿನ ವಿಷ್ಯಕ್ಕೆ ಬಂದ್ರೆ, ನೀವು ಹಳೇ ಆಟಗಾರ್ರನ್ನ ಹೋಲಿಸೋರು, "ಇಂಥ ವರ್ಷದಿಂದೀಚೆಗೆ ಇಷ್ಟು ಹೋಮ್ ರನ್ನೂ ಇಷ್ಟು ಸ್ಟೀಲೂ ಮಾಡಿದೋರು ಯಾರ್ಯಾರು" ಅಂತ ಹುಡುಕೋರು ಆದ್ರೆ ಬೇಸ್‌ಬಾಲ್ ರೆಫರೆನ್ಸ್‌ನೋರದ್ದೇ ಸ್ಟ್ಯಾಟ್‌ಹೆಡ್ ತಗೊಳ್ಳಿ, ಹುಡುಕಾಟಕ್ಕೆ ಅದನ್ನ ಮೀರಿಸೋದು ಇಲ್ಲ. ಬಾಲ್ ಎಷ್ಟು ಸ್ಪೀಡಲ್ಲಿ ಹೋಯ್ತು, ಎಷ್ಟು ತಿರುಗ್ತು ಅಂತ ಬೇಕಾದ್ರೆ ಲೀಗಿನೋರದ್ದೇ ಬೇಸ್‌ಬಾಲ್ ಸವಾಂಟ್ ಪುಕ್ಕಟೆ ಇದೆ. ಟೀಮ್ ಹೇಗೆ ಕಟ್ತಾರೆ ಅನ್ನೋದ್ರಲ್ಲಿ ಹುಚ್ಚಿದ್ರೆ ಮಾತ್ರ ಇದು, ಅದೂ ಮೊದ್ಲು ಪುಕ್ಕಟೆ ಪೇಜುಗಳಲ್ಲೇ ಒಂದಷ್ಟು ದಿನ ಓಡಾಡಿ ನೋಡಿ. ಫೋನಲ್ಲಿ ಬೇಡ, ಅಷ್ಟೊಂದ್ ಕಾಲಂ ಅಂಗೈಯಗಲದ ಸ್ಕ್ರೀನಲ್ಲಿ ಸರಿಸಿ ಸರಿಸಿ ಸಾಕಾಗತ್ತೆ, ಲ್ಯಾಪ್‌ಟಾಪಲ್ಲೇ ತೆಗೀರಿ. ಶುರು ಮಾಡೋಕೆ ಒಳ್ಳೇ ಹೊತ್ತು ಅಂದ್ರೆ ಚಳಿಗಾಲ, ಮ್ಯಾಚ್ ಇರಲ್ಲ, ಬರೀ ಟ್ರೇಡು, ಸೈನಿಂಗು. ಆಟಗಾರ್ರಿಗೂ ಮಾಲೀಕ್ರಿಗೂ ಇರೋ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತೆ, ಸಂಬಳಕ್ಕೆ ಗಟ್ಟಿ ಮಿತಿ ಬೇಕಾ ಬೇಡ್ವಾ ಅನ್ನೋ ಜಗಳಕ್ಕೆ ಇಳಿಯೋ ಮುಂಚೆ ಡಾಡ್ಜರ್ಸ್ ಪೇರೋಲ್ ಪೇಜು, ಮಯಾಮಿ ಪೇರೋಲ್ ಪೇಜು ಎರಡನ್ನೂ ಪಕ್ಕ ಪಕ್ಕ ಇಟ್ಕೊಂಡು ಒಂದ್ಸಲ ಮೇಲಿಂದ ಕೆಳಗೆ ಓದ್ಕೊಂಡ್ ಬನ್ನಿ.