ರೌಂಡ್‌ಹೌಸ್ ಲೇಡಿ ಆ್ಯನ್: ನಮ್ಮ ಬಿಸಿಲಿನಲ್ಲಿ ಒಂದು ಪುಟ್ಟ ಉಗಿಬಂಡಿ

ಪೆಟ್ಟಿಗೆ ಬಿಚ್ಚಿ, ಹಳಿಯ ಮೇಲಿಟ್ಟು, ಸ್ವಿಚ್ ಒತ್ತಿ ಕೂರುವವರಿಗೆ ಲೇಡಿ ಆ್ಯನ್ ಆಗಿಬರುವುದಿಲ್ಲ. ಇದಕ್ಕೆ ಸ್ವಿಚ್ಚೇ ಇಲ್ಲ. ಮೋಟಾರೂ ಇಲ್ಲ. ಇರುವುದು ತಾಮ್ರದ ಬಾಯ್ಲರ್, ಅದರ ನಡುವೆ ಹಾದುಹೋಗುವ ಒಂದೇ ಒಂದು ಬೆಂಕಿಕೊಳವೆ, ಕೊಳವೆಯೊಳಗೆ ಗ್ಯಾಸ್ ಬರ್ನರ್, ಎರಡು ಸಿಲಿಂಡರ್, ಆರು ಚಕ್ರ. ನೀರು ಕಾಯಬೇಕು, ಉಗಿ ಏರಬೇಕು, ಆಮೇಲಷ್ಟೇ ಓಟ. ಇಂಗ್ಲೆಂಡಿನ ಡಾಂಕಾಸ್ಟರ್‌ನ ರೌಂಡ್‌ಹೌಸ್ ಕಂಪನಿಯವರ ಈ ಎಂಜಿನ್ ತೋಟದಲ್ಲಿ ಹಳಿ ಹಾಸಿ ಮಾದರಿ ರೈಲು ಓಡಿಸುವ ಹವ್ಯಾಸಿಗಳಲ್ಲಿ ಹಳೇ ಹೆಸರು. ಬೆಲೆಗೆ ಸಾಗಣೆ, ಸುಂಕ ಸೇರಿಸಿದರೆ ಒಂದು ಒಳ್ಳೇ ಸ್ಕೂಟರಿನ ದುಡ್ಡಾಗುತ್ತದೆ. ಅಷ್ಟು ಕೊಟ್ಟು ತರಿಸಿದ ಮೇಲೆ ಅದನ್ನು ಷೋಕೇಸಿನಲ್ಲಿಟ್ಟರೆ ಅನ್ಯಾಯ.

ಮೊದಲು ಅಳತೆಯ ಮಾತು. ಇದು 16 ಮಿ.ಮೀ. ಸ್ಕೇಲಿನದು, ಅಂದರೆ ನಿಜವಾದ ಒಂದು ಅಡಿಗೆ ಮಾದರಿಯಲ್ಲಿ 16 ಮಿ.ಮೀ., ಹೆಚ್ಚುಕಡಿಮೆ 1:19. ಹಳಿಯ ಅಗಲ 32 ಅಥವಾ 45 ಮಿ.ಮೀ.; ಯಾವುದು ಬೇಕೆಂದು ಆರ್ಡರ್ ಮಾಡುವಾಗಲೇ ತೀರ್ಮಾನಿಸಿಕೊಳ್ಳಿ. 32ನ್ನು 19ರಿಂದ ಗುಣಿಸಿದರೆ 608; ಎರಡಡಿ ಹಳಿಯ ಅಗಲ 610 ಮಿ.ಮೀ. ಡಾರ್ಜಿಲಿಂಗ್ ರೈಲಿನ ಹಳಿ ಇದೇ. ನಮ್ಮ ತರೀಕೆರೆ–ನರಸಿಂಹರಾಜಪುರ ಸಾಲಿನ ಹಳಿಯೂ ಇದೇ ಆಗಿತ್ತು. ಬೆಂಗಳೂರು–ಚಿಕ್ಕಬಳ್ಳಾಪುರದ ಹಳೇ ಕಿರುಹಳಿ ಎರಡೂವರೆ ಅಡಿಯದ್ದು, ಅದಕ್ಕೆ ಈ ಲೆಕ್ಕದಲ್ಲಿ 40 ಮಿ.ಮೀ. ಬೇಕಾಗುತ್ತದೆ, ಹಾಗಾಗಿ ಕೂಡಿಬರುವುದಿಲ್ಲ. ನೋಟ ಸರಿಯಿರಬೇಕೆಂದರೆ 32 ಆರಿಸಿ. ಗೆಳೆಯರ ಬಳಿ ಆಗಲೇ ಜಿ ಸ್ಕೇಲಿನ (ತೋಟದ ರೈಲಿನ ಇನ್ನೊಂದು ಅಳತೆ, 45 ಮಿ.ಮೀ. ಅಗಲದ್ದು) ಹಳಿ ಹಾಸಿದ್ದರೆ ಮಾತ್ರ 45. ಲೇಡಿ ಆ್ಯನ್ ಯಾವ ನಿಜವಾದ ಎಂಜಿನ್ನಿನ ಪಡಿಯಚ್ಚೂ ಅಲ್ಲ. ಕಿರುಹಳಿಯ ಎಂಜಿನ್ ಹೀಗಿರುತ್ತಿತ್ತು ಅನ್ನಿಸುವಂತೆ ಮನಸ್ಸಿನಿಂದಲೇ ಬಿಡಿಸಿದ ರೂಪ. ರಿವಿಟ್ಟು ಎಣಿಸುವವರು, ಅಂದರೆ ಮಾದರಿ ನಿಜದ ತದ್ರೂಪೇ ಆಗಬೇಕೆನ್ನುವವರು, ಮೂಗು ಮುರಿಯಬಹುದು.

ಹೊಸದಾಗಿ ಬಂದಾಗ ಮಾಡಬೇಕಾದ್ದು ಹೆಚ್ಚಿಲ್ಲ. ಬಾಯ್ಲರಿನ ಪರೀಕ್ಷೆಯ ಪತ್ರವನ್ನು ಜೋಪಾನವಾಗಿಡಿ, ಮುಂದೆ ಯಾವುದಾದರೂ ಕ್ಲಬ್ಬಿನ ಹಳಿಯಲ್ಲಿ ಓಡಿಸಬೇಕೆಂದರೆ ಕೇಳುತ್ತಾರೆ. ಸ್ಕ್ರೂಗಳು ಸಾಗಣೆಯಲ್ಲಿ ಸಡಿಲವಾಗಿವೆಯೇ ನೋಡಿ. ಚಕ್ರ ತಿರುಗಿಸುವ ಕನೆಕ್ಟಿಂಗ್ ರಾಡ್, ಅದು ಚಕ್ರಕ್ಕೆ ಕೂಡುವ ಕ್ರ್ಯಾಂಕ್ ಪಿನ್ನು, ಆಕ್ಸಲ್‌ಗಳಿಗೆ ತೆಳು ಎಣ್ಣೆ ಒಂದೊಂದೇ ಹನಿ. ಹೊಲಿಗೆ ಯಂತ್ರಕ್ಕೆ ಹಾಕುವಂಥದ್ದೇ ಸಾಕು. ಹೆಚ್ಚು ಸುರಿದರೆ ಧೂಳು ಹಿಡಿದು ಮಸಿಯಾಗುತ್ತದೆ.

ಇನ್ನು ಉಗಿ ಏರಿಸುವ ಕೆಲಸ. ಈ ಕ್ರಮ ತಪ್ಪಬಾರದು.

ಸೇಫ್ಟಿ ವಾಲ್ವ್ ತಿರುಗಿಸಿ ತೆಗೆದು, ಆ ಬಾಯಿಂದ ಬಾಯ್ಲರ್ ತುಂಬಾ ನೀರು ತುಂಬಿ. ಆಮೇಲೆ ಸಿರಿಂಜಿನಲ್ಲಿ ಸುಮಾರು 30 ಮಿ.ಲೀ. ವಾಪಸ್ ಎಳೆಯಿರಿ. ಈ ಎಳೆಯುವ ಕೆಲಸವನ್ನೇ ಹೊಸಬರು ಬಿಡುವುದು. ಉಗಿಗೆ ಮೇಲೆ ಜಾಗ ಬೇಕು. ಇಲ್ಲದಿದ್ದರೆ ಕುದಿವ ನೀರೇ ಸಿಲಿಂಡರಿಗೆ ನುಗ್ಗುತ್ತದೆ, ಅಂಚಿನ ತನಕ ಹಾಲು ತುಂಬಿಸಿ ಒಲೆಗಿಟ್ಟ ಹಾಗೆ. ಚಿಮಣಿಯಿಂದ ಬಿಸಿನೀರು ಉಗುಳುತ್ತಾ ಎಂಜಿನ್ ಕುಂಟಿದರೆ, ಹತ್ತಕ್ಕೆ ಒಂಬತ್ತು ಸಲ ಕಾರಣ ಇದೇ.

ನೀರು ಡಿಸ್ಟಿಲ್ಡ್ ಆಗಿರಲಿ. ಬೋರ್‌ವೆಲ್ ನೀರು ಬೇಡವೇ ಬೇಡ. ಕೆಟಲಿನ ತಳದಲ್ಲಿ ಕಟ್ಟುವ ಬಿಳಿ ಗಾರೆ ಇಲ್ಲಿ ಬಾಯ್ಲರಿನ ಒಳಗೆ ಕಟ್ಟುತ್ತದೆ, ಕೈ ಹಾಕಿ ಉಜ್ಜಲು ದಾರಿಯಿಲ್ಲ. ಸೋಸಿದ ಮಳೆನೀರು ಆದೀತು.

ಮುಂದಿನದು ಲೂಬ್ರಿಕೇಟರ್, ಅಂದರೆ ಸಿಲಿಂಡರಿಗೆ ಎಣ್ಣೆ ಉಣಿಸುವ ಸಾಧನ. ಕ್ಯಾಬಿನಲ್ಲಿರುವ ಈ ಪುಟ್ಟ ಡಬ್ಬಿಯಲ್ಲಿ ತಿರುಗುವ ಭಾಗವೇ ಇಲ್ಲ. ಉಗಿ ಒಳಗೆ ಬಂದು ತಣಿದು ನೀರಾಗುತ್ತದೆ, ನೀರು ತಳಕ್ಕಿಳಿಯುತ್ತದೆ, ಮೇಲೆ ತೇಲುವ ಎಣ್ಣೆ ಅಷ್ಟೇ ಪ್ರಮಾಣದಲ್ಲಿ ಉಗಿಯ ಕೊಳವೆಗೆ ಸೇರಿ ಸಿಲಿಂಡರಿಗೆ ಹೋಗುತ್ತದೆ. ಹಾಗಾಗಿ ಪ್ರತಿ ಓಟದ ನಂತರ ತಳದ ನೀರನ್ನು ಸಿರಿಂಜಿನಿಂದ ತೆಗೆದು, ಮತ್ತೆ ಎಣ್ಣೆ ತುಂಬಬೇಕು. ಮೇಲೆ ಒಂದೆರಡು ಮಿ.ಮೀ. ಖಾಲಿ ಬಿಡಿ. ಎಣ್ಣೆ ಸ್ಟೀಮ್ ಸಿಲಿಂಡರ್ ಆಯಿಲ್, 460 ಗ್ರೇಡ್. ಜೇನುತುಪ್ಪದಷ್ಟು ಮಂದ ಇರುತ್ತದೆ. ಬೈಕಿನ ಎಂಜಿನ್ ಆಯಿಲ್ ಹಾಕಿ ಉಳಿತಾಯ ಮಾಡಲು ಹೋಗಬೇಡಿ: ಒದ್ದೆ ಉಗಿಯಲ್ಲಿ ಅದು ಲೋಹಕ್ಕೆ ಅಂಟಿ ನಿಲ್ಲುವುದಿಲ್ಲ, ತೊಳೆದುಹೋಗುತ್ತದೆ. ಓಟ ಮುಗಿದಾಗ ಚಿಮಣಿಯ ಬಾಯಿಯ ಸುತ್ತ ಎಣ್ಣೆಯ ತೆಳು ಪಸೆ ಕಾಣಬೇಕು. ಒಣಗಿದ್ದರೆ ಸಿಲಿಂಡರಿಗೆ ಎಣ್ಣೆ ಹೋಗುತ್ತಿಲ್ಲ ಎಂದೇ ಲೆಕ್ಕ.

ಈಗ ಗ್ಯಾಸ್. ನಮ್ಮ ಊರುಗಳಲ್ಲಿ ಇಂಗ್ಲೆಂಡಿನ ಅಭ್ಯಾಸ ನಡೆಯದಿರುವುದು ಇಲ್ಲೇ. ಅಲ್ಲಿನವರ ಗೋಳು ಚಳಿ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ಹೆಚ್ಚುಕಡಿಮೆ ನಿಲ್ಲಿಸುತ್ತದೆ, ಚಳಿಗಾಲದಲ್ಲಿ ಉರಿ ಸೊರಗುತ್ತದೆ, ಅದಕ್ಕೇ ಪ್ರೊಪೇನ್ ಬೆರೆತ ಕ್ಯಾನ್ ಹುಡುಕುತ್ತಾರೆ. ನಮಗೆ ತೊಂದರೆ ತಿರುಗಾಮುರುಗಾ. ಏಪ್ರಿಲ್ ಬಿಸಿಲಿನ 35 ಡಿಗ್ರಿಯಲ್ಲಿ ಶುದ್ಧ ಬ್ಯೂಟೇನೇ ಸಾಕಷ್ಟು ಒತ್ತಡ ಕೊಡುತ್ತದೆ, ಬೆರಕೆ ಗ್ಯಾಸಿನ ಅಗತ್ಯವೇ ಇಲ್ಲ. ಗ್ಯಾಸ್ ವಾಲ್ವನ್ನು ಕೂದಲೆಳೆಯಷ್ಟು ತೆರೆದರೆ ಸಾಕು. ಮನೆಯ ಎಲ್‌ಪಿಜಿ ಸಿಲಿಂಡರಿನಿಂದ ತುಂಬಿಸುವ ಯೋಚನೆಯನ್ನೂ ಮಾಡಬೇಡಿ. ಅದರಲ್ಲಿ ಪ್ರೊಪೇನ್ ಇದೆ, ಒತ್ತಡ ಬೇರೆ, ಎಂಜಿನ್ನಿನ ಪುಟ್ಟ ಗ್ಯಾಸ್ ಟ್ಯಾಂಕು ಅದಕ್ಕಾಗಿ ಮಾಡಿದ್ದಲ್ಲ.

ತುಂಬಿಸುವಾಗ ಕ್ಯಾನನ್ನು ತಲೆಕೆಳಗು ಹಿಡಿದು ನೇರವಾಗಿ ಒತ್ತಿ. ದ್ರವ ಇಳಿಯುವ ಸದ್ದು ಕೇಳುತ್ತದೆ, ತುಂಬಿದಾಗ ಬಿಳಿ ತುಂತುರು ವಾಪಸ್ ಚಿಮ್ಮುತ್ತದೆ, ಅಲ್ಲಿಗೆ ನಿಲ್ಲಿಸಿ. ಎರಡನೇ ಓಟಕ್ಕೆ ತುಂಬಿಸಲು ಹೋದಾಗ ಗ್ಯಾಸ್ ಇಳಿಯುವುದೇ ಇಲ್ಲ ಎಂಬ ದೂರು ಸಾಮಾನ್ಯ. ಟ್ಯಾಂಕು ಕ್ಯಾಬಿನೊಳಗೆ ಬಾಯ್ಲರಿನ ಮಗ್ಗುಲಲ್ಲೇ ಕಾದಿರುತ್ತದೆ, ಕ್ಯಾನು ನೆರಳಲ್ಲಿ ತಣ್ಣಗಿರುತ್ತದೆ. ಬಿಸಿಯಾದ ಕಡೆ ಒತ್ತಡ ಹೆಚ್ಚು, ದ್ರವ ಅತ್ತ ಹೋಗದು. ಒದ್ದೆ ಬಟ್ಟೆಯನ್ನು ಟ್ಯಾಂಕಿಗೆ ಸುತ್ತಿ ಐದು ನಿಮಿಷ ಬಿಡಿ, ಸರಿಹೋಗುತ್ತದೆ. ಕ್ಯಾನನ್ನು ಬಿಸಿಲಿಗಿಟ್ಟು ಕಾಯಿಸುವುದು ಮೂರ್ಖತನ. ಬ್ಯೂಟೇನ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಿದು ನಿಲ್ಲುತ್ತದೆ. ತುಂಬಿಸುವ ಕೆಲಸ ಬಯಲಿನಲ್ಲಿ, ಉರಿಯುವ ಇನ್ನೊಂದು ಎಂಜಿನ್ನಿನಿಂದ ದೂರದಲ್ಲಿ ನಡೆಯಲಿ.

ಹೊತ್ತಿಸುವುದು ಚಿಮಣಿಯ ಮೇಲಿಂದ. ವಾಲ್ವ್ ತುಸು ತೆರೆದು, ‘ಸುಸ್’ ಎನ್ನುವ ಸದ್ದು ಕೇಳಿದ ಮೇಲೆ ಲೈಟರ್ ಹಿಡಿಯಿರಿ. ‘ಪಟ್’ ಎಂದು ಜ್ವಾಲೆ ಕೆಳಗಿಳಿದು, ಬಾಯ್ಲರಿನ ಕೊಳವೆಯೊಳಗಿನ ಬರ್ನರಿಗೆ ಹೋಗಿ ಕೂರುತ್ತದೆ. ಕೂರದೆ ಮುಂದಿನ ಹೊಗೆಪೆಟ್ಟಿಗೆಯಲ್ಲೇ ಉರಿಯುತ್ತಿದ್ದರೆ ಕೂಡಲೇ ಆರಿಸಿ. ಎರಡೇ ನಿಮಿಷದಲ್ಲಿ ಬಣ್ಣ ಸುಟ್ಟು ಗುಳ್ಳೆ ಏಳುತ್ತದೆ. ಬಿಸಿಲಲ್ಲಿ ಈ ನೀಲಿ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ, ಕೈಯಿಂದ ನೆರಳು ಮಾಡಿ ಇಣುಕಬೇಕು. ಗ್ಯಾಸ್ ಹೆಚ್ಚಾದರೆ ಬರ್ನರ್ ಊಳಿಡುತ್ತದೆ. ಗ್ಯಾಸ್ ತಗ್ಗಿಸಿದರೂ ಊಳು ನಿಲ್ಲದಿದ್ದರೆ ಬರ್ನರ್ ನೆಟ್ಟಗೆ ಕೂತಿಲ್ಲ, ಅಥವಾ ಜೆಟ್ಟಿನಲ್ಲಿ (ಗ್ಯಾಸ್ ಹೊರಬರುವ ಸಣ್ಣ ರಂಧ್ರದ ತುಂಡು) ಕಸ ಸೇರಿದೆ. ಜೆಟ್ಟಿಗೆ ಸೂಜಿ ಚುಚ್ಚಬೇಡಿ. ರಂಧ್ರ ಒಂದಿಷ್ಟು ಅಗಲವಾದರೂ ಆ ಜೆಟ್ ಕೆಟ್ಟಂತೆ. ಬಿಚ್ಚಿ, ಹಿಂದುಮುಂದಾಗಿ ಹಿಡಿದು, ಗ್ಯಾಸ್ ಕ್ಯಾನಿನಿಂದಲೇ ಒಂದು ಸಲ ಊದಿದರೆ ಕಸ ಹಾರಿಹೋಗುತ್ತದೆ.

ಐದಾರು ನಿಮಿಷಕ್ಕೆ ಪ್ರೆಷರ್ ಗೇಜಿನ ಮುಳ್ಳು ಏಳುತ್ತದೆ. ಕೆಲಸದ ಒತ್ತಡ 40 ಪಿಎಸ್‌ಐ (ಚದರಂಗುಲಕ್ಕೆ ಇಷ್ಟು ಪೌಂಡ್ ಎಂಬ ಲೆಕ್ಕ). ಅಡುಗೆಮನೆಯ ಕುಕ್ಕರು 15ರ ಆಸುಪಾಸಿನಲ್ಲೇ ಸೀಟಿ ಹೊಡೆಯುತ್ತದೆ ಎಂಬುದನ್ನು ನೆನೆದರೆ ಇದನ್ನು ಯಾಕೆ ಗೌರವದಿಂದ ಕಾಣಬೇಕು ಎಂದು ತಿಳಿಯುತ್ತದೆ. ಆ ಒತ್ತಡದಲ್ಲಿ ಒಳಗಿನ ನೀರು ಸುಮಾರು 141 ಡಿಗ್ರಿ. ಉಗಿಯಿರುವಾಗ ಯಾವ ನಟ್ಟನ್ನೂ ಮುಟ್ಟಬೇಡಿ, ಚರ್ಮದ ಕೈಗವಸು ಪಕ್ಕದಲ್ಲಿರಲಿ. ಸೇಫ್ಟಿ ವಾಲ್ವ್ ಒಂದು ಸಲ ತಾನಾಗಿ ಉಗಿ ಬಿಡುವುದನ್ನು ಕಣ್ಣಾರೆ ನೋಡಿದ ಮೇಲೆಯೇ ರೆಗ್ಯುಲೇಟರ್, ಅಂದರೆ ಸಿಲಿಂಡರಿಗೆ ಉಗಿ ಬಿಡುವ ಹಿಡಿ, ತೆರೆಯಿರಿ.

ತೆರೆದ ಕೂಡಲೇ ಓಡುತ್ತದೆ ಅಂದುಕೊಳ್ಳಬೇಡಿ. ಸಿಲಿಂಡರ್ ತಣ್ಣಗಿರುತ್ತದೆ, ಮೊದಲ ಉಗಿಯೆಲ್ಲ ನೀರಾಗಿ ಪಿಸ್ಟನ್ನಿಗೆ ಅಡ್ಡ ಕೂರುತ್ತದೆ. ಓಟದ ದಿಕ್ಕು ಬದಲಿಸುವ ರಿವರ್ಸರನ್ನು ಹಿಂದಕ್ಕೂ ಮುಂದಕ್ಕೂ ಹಾಕಿ, ಎಂಜಿನ್ನನ್ನು ಒಂದೊಂದು ಗೇಣು ತಳ್ಳಿ. ಚಿಮಣಿಯಿಂದ ಎಣ್ಣೆ ಬೆರೆತ ನೀರು ಚಿಮ್ಮುತ್ತದೆ. ಬಿಳಿ ಅಂಗಿ ಹಾಕಿಕೊಂಡು ಬಾಗಿ ನೋಡಬಾರದು. ನಾಲ್ಕೈದು ಸಲ ತಳ್ಳಿದ ಮೇಲೆ ಹದ ಸಿಗುತ್ತದೆ, ಛಫ್ ಛಫ್ ಬಿಡಿಬಿಡಿಯಾಗಿ ಕೇಳುತ್ತದೆ. ದುಡ್ಡು ಕೊಟ್ಟದ್ದು ಈ ಸದ್ದಿಗೇ.

ಓಟದ ಗುಣ ಹೇಳುವುದಾದರೆ, ಬರೀ ಎಂಜಿನ್ ಒಂದನ್ನೇ ಬಿಟ್ಟರೆ ಚೆನ್ನಾಗಿರುವುದಿಲ್ಲ. ಭಾರವಿಲ್ಲದೆ ದಡಬಡಿಸಿ ಓಡಿ ತಿರುವಿನಲ್ಲಿ ಉರುಳಬಹುದು. ನಾಲ್ಕೈದು ವ್ಯಾಗನ್ ಕಟ್ಟಿ, ಆಗ ನಡಿಗೆ ತೂಕಕ್ಕೆ ಬರುತ್ತದೆ. ಸಿಲಿಂಡರಿಗೆ ಉಗಿ ಯಾವಾಗ ಹೋಗಬೇಕೆಂದು ನಿಯಂತ್ರಿಸುವ ವಾಲ್‌ಶಾರ್ಟ್ಸ್ ಗೇರನ್ನು ಇಲ್ಲಿ ಸರಳಗೊಳಿಸಿ ಕೂರಿಸಿದ್ದಾರೆ. ಸವೆಯುವ ಕೀಲುಗಳು ಕಡಿಮೆ, ನೋಡಲು ಮಾತ್ರ ದೊಡ್ಡ ಎಂಜಿನ್ನಿನ ಕುಣಿತವೇ. ಹಳಿ ಮಟ್ಟವಾಗಿರಬೇಕು. ಏರಿನಲ್ಲಿ ರೆಗ್ಯುಲೇಟರ್ ಹೆಚ್ಚಿಸಿದ್ದನ್ನು ಇಳಿಜಾರಿನಲ್ಲಿ ತಗ್ಗಿಸಲು ಕೈಗೆ ಸಿಗುವುದಿಲ್ಲ, ಎಂಜಿನ್ ಆಗಲೇ ಹತ್ತು ಮಾರು ಮುಂದಿರುತ್ತದೆ. ತಾರಸಿಯಲ್ಲಿ ಹಾಕುವವರು ಮಳೆನೀರು ಹರಿಯಲೆಂದು ಬಿಟ್ಟ ಓರೆಯನ್ನು ಮರದ ಹಲಗೆ ಕೊಟ್ಟು ಸರಿಮಾಡಿಕೊಳ್ಳಲಿ. ತಿರುವಿನ ತ್ರಿಜ್ಯ ಒಂದು ಮೀಟರಿಗಿಂತ ಕಡಿಮೆ ಮಾಡಬೇಡಿ. ಪೆಕೊ ಕಂಪನಿಯ ಎಸ್‌ಎಂ-32 ಹಳಿ ಈ ಅಗಲಕ್ಕೆಂದೇ ಇರುವುದು. ಹಳಿ ಏರಿಳಿತದ್ದೇ ಆದರೆ ರೇಡಿಯೋ ಕಂಟ್ರೋಲ್ ಇರುವ ಆವೃತ್ತಿಗೇ ಹೋಗಿ. ಮಟ್ಟಸ ವೃತ್ತಕ್ಕೆ ಕೈಯಿಂದ ನಡೆಸುವುದೇ ಸಾಕು, ನಮ್ಮ ಅಭಿಪ್ರಾಯದಲ್ಲಿ ರುಚಿಯೂ ಅದರಲ್ಲೇ ಹೆಚ್ಚು.

ಒಂದು ತುಂಬಿಗೆ 20ರಿಂದ 30 ನಿಮಿಷ ಓಡುತ್ತದೆ. ಇಲ್ಲಿ ಮೆಚ್ಚಬೇಕಾದ ಒಂದು ಜಾಣ್ಮೆಯಿದೆ: ಗ್ಯಾಸ್ ಟ್ಯಾಂಕಿನ ಅಳತೆಯನ್ನು ನೀರು ಮುಗಿಯುವ ಮೊದಲೇ ಗ್ಯಾಸ್ ಮುಗಿಯುವಂತೆ ಇಟ್ಟಿದ್ದಾರೆ. ಉರಿ ತಾನಾಗಿ ಆರಿದಾಗಲೂ ಬಾಯ್ಲರಿನಲ್ಲಿ ನೀರಿರುತ್ತದೆ, ಒಣ ಬಾಯ್ಲರ್ ಕಾದು ಬೆಸುಗೆ ಕೆಡುವ ಭಯವಿಲ್ಲ. ಆದರೆ ಇದು ಎರಡನ್ನೂ ಒಟ್ಟಿಗೆ ತುಂಬಿದಾಗಿನ ಮಾತು. ನೀರು ತುಂಬದೆ ಗ್ಯಾಸ್ ಮಾತ್ರ ತುಂಬಿ ‘ಇನ್ನೊಂದು ಸುತ್ತು’ ಎಂದು ಹೊರಟರೆ ಆ ಲೆಕ್ಕವೆಲ್ಲ ತಲೆಕೆಳಗು. ಮಕ್ಕಳು ಪಕ್ಕದಲ್ಲಿ ನಿಂತು ಒತ್ತಾಯಿಸುವಾಗ ಆಗುವ ತಪ್ಪು ಇದು.

ಒಪ್ಪದ ಸಂಗತಿಗಳೂ ಇವೆ. ಕ್ಯಾಬಿನೊಳಗೆ ಗ್ಯಾಸ್ ಟ್ಯಾಂಕು, ಲೂಬ್ರಿಕೇಟರ್, ಗೇಜು ಎಲ್ಲ ಒತ್ತೊತ್ತಾಗಿ ಕೂತು, ದಪ್ಪ ಬೆರಳಿನವರಿಗೆ ರೆಗ್ಯುಲೇಟರ್ ಹಿಡಿಯುವುದು ಕಷ್ಟ; ಹಿಡಿಯೂ ಬೇಗ ಬಿಸಿಯಾಗುತ್ತದೆ. ಸ್ಟೀಮ್ ಆಯಿಲ್ ನಮ್ಮಲ್ಲಿ ಚಿಲ್ಲರೆಯಾಗಿ ಸಿಗುವುದು ಅಪರೂಪ, ಇರುವುದು ಕಾರ್ಖಾನೆಗಳಿಗೆ ಮಾರುವ ದೊಡ್ಡ ಡಬ್ಬಿಗಳು. ನಾಲ್ಕೈದು ಜನ ಸೇರಿ ಒಂದು ಡಬ್ಬಿ ಹಂಚಿಕೊಳ್ಳುವುದೇ ದಾರಿ. ಎಂಜಿನ್ನನ್ನು ಕೊರಿಯರಿನಲ್ಲಿ ಕಳಿಸುವಾಗ ಗ್ಯಾಸ್ ಟ್ಯಾಂಕು, ಬಾಯ್ಲರ್ ಎರಡೂ ಪೂರ್ತಿ ಖಾಲಿಯಿರಬೇಕು.

ಓಟ ಮುಗಿದು, ಒತ್ತಡ ಸೊನ್ನೆಗಿಳಿದು, ಮೈ ಇನ್ನೂ ಬೆಚ್ಚಗಿರುವಾಗಲೇ ಹಳೇ ಬನಿಯನ್ ಬಟ್ಟೆಯಿಂದ ಒರೆಸಿ. ತಣಿದ ಮೇಲೆ ಆ ಎಣ್ಣೆ ಅಂಟಾಗಿ ಕೂರುತ್ತದೆ. ಲೂಬ್ರಿಕೇಟರಿನ ನೀರು ತೆಗೆಯಿರಿ, ಸೇಫ್ಟಿ ವಾಲ್ವನ್ನು ಸಡಿಲ ಬಿಡಿ. ಬಿಗಿ ಮಾಡಿಟ್ಟರೆ ತಣಿಯುವ ಬಾಯ್ಲರಿನೊಳಗೆ ನಿರ್ವಾತವಾಗಿ, ಲೂಬ್ರಿಕೇಟರಿನಲ್ಲಿ ಉಳಿದ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮುಂದಿನ ಸಲ ನೀರು ನೊರೆಗಟ್ಟಿ ಕುದಿಯಲು ಅಷ್ಟೇ ಸಾಕು.