ಹದಿನಾರು ಗಂಟೆಯ ಉಪವಾಸ, ಅಳತೆಯ ಊಟ ಮತ್ತು ನನ್ನ ಬಲ ಮಂಡಿ

ತೂಕ 86 ಕಿಲೋ, ವಾರಕ್ಕೆ ನಾಲ್ಕು ದಿನ ಸೈಕಲ್ ಸವಾರಿ, ಬಲ ಮಂಡಿಚಿಪ್ಪಿನ ಸುತ್ತ ನೋವು. ಕೇಳಿದವರೆಲ್ಲ ಹೇಳಿದ್ದು ಒಂದೇ: ತೂಕ ಇಳಿಸಿ, ನೋವು ತಾನಾಗಿ ಹೋಗುತ್ತದೆ. ಇಳಿಸುವುದು ಹೇಗೆ ಎಂಬಲ್ಲಿ ಮಾತ್ರ ಎರಡು ಪಕ್ಷ. ಹದಿನಾರು ಗಂಟೆ ಹೊಟ್ಟೆ ಖಾಲಿ ಬಿಟ್ಟು ಉಳಿದ ಎಂಟು ಗಂಟೆಯೊಳಗೆ ಉಣ್ಣಬೇಕು ಎನ್ನುವವರು ಒಂದು ಕಡೆ. ಮೂರು ಹೊತ್ತೂ ಉಣ್ಣಿ, ಆದರೆ ತೂಗಿ ಉಣ್ಣಿ ಎನ್ನುವವರು ಇನ್ನೊಂದು ಕಡೆ. ಎರಡನ್ನೂ ತಲಾ ಎಂಟು ವಾರ ಮಾಡಿ ನೋಡಿದೆ.

ಮೊದಲು ಉಪವಾಸ. ಒಂದೇ ವಾರದಲ್ಲಿ ಎರಡು ಕಿಲೋ ಇಳಿದು ಹಿರಿಹಿರಿ ಹಿಗ್ಗಿದೆ. ಆಮೇಲೆ ಲೆಕ್ಕ ಹಾಕಿದಾಗ ಹಿಗ್ಗು ಇಳಿಯಿತು. ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕಿಲೋಕ್ಯಾಲರಿಯ ಕೊರತೆ ಬೀಳಬೇಕು. ನಾನು ಬಿಟ್ಟ ತಿಂಡಿಗಳಿಂದ ಅಷ್ಟು ಆಗುವ ಮಾತೇ ಅಲ್ಲ. ಹೋದದ್ದು ಬಹುಪಾಲು ನೀರು. ದೇಹ ಕೂಡಿಟ್ಟುಕೊಳ್ಳುವ ಸಕ್ಕರೆಯ ದಾಸ್ತಾನಾದ ಗ್ಲೈಕೋಜನ್ ತನ್ನ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ, ಅದು ಖರ್ಚಾದರೆ ನೀರೂ ಹೊರಡುತ್ತದೆ. ಎಂಟು ವಾರದ ಕೊನೆಗೆ ನಿಂತ ಇಳಿಕೆ 4.1 ಕಿಲೋ. ಆಮೇಲಿನ ಎಂಟು ವಾರ ಅಳತೆಯ ಊಟದಲ್ಲಿ ಇನ್ನೂ 3.6. ಎರಡನೆಯದರ ಸರದಿ ಬರುವ ಹೊತ್ತಿಗೆ ಸುಲಭವಾಗಿ ಇಳಿಯುವ ತೂಕ ಇಳಿದಾಗಿತ್ತು, ಹಾಗಾಗಿ ಈ ಅರ್ಧ ಕಿಲೋ ವ್ಯತ್ಯಾಸವನ್ನು ನಾನು ಗೆಲುವೆಂದು ಎಣಿಸುವುದಿಲ್ಲ. 2022ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಚೀನಾದ ಪ್ರಯೋಗವೂ ಹೆಚ್ಚುಕಡಿಮೆ ಇದನ್ನೇ ಕಂಡಿತು: ಬೊಜ್ಜಿರುವ 139 ಜನ, 12 ತಿಂಗಳು, ಎರಡೂ ಗುಂಪಿಗೆ ಕ್ಯಾಲರಿ ಮಿತಿ ಒಂದೇ. ಎಂಟು ಗಂಟೆಯೊಳಗೆ ಉಂಡವರು ಸರಾಸರಿ 8 ಕಿಲೋ ಇಳಿದರು, ಗಡಿಯಾರ ನೋಡದೆ ಉಂಡವರು 6.3. ಸಂಖ್ಯಾಶಾಸ್ತ್ರದ ತಕ್ಕಡಿಯಲ್ಲಿ ಅದು ಗಣನೀಯ ವ್ಯತ್ಯಾಸವಲ್ಲ.

ನಿಜವಾದ ವ್ಯತ್ಯಾಸ ಕಂಡದ್ದು ಸೈಕಲ್ ಮೇಲೆ. ಉಪವಾಸದ ಹದಿನಾಲ್ಕನೇ ಗಂಟೆಯಲ್ಲಿ, ಬೆಳಿಗ್ಗೆ ಒಂದು ಉದ್ದದ ಏರು. ನಲವತ್ತು ನಿಮಿಷ ಕಳೆದ ಮೇಲೆ ತೊಡೆಯಲ್ಲಿ ಮರಳು ತುಂಬಿದಂತಾಯಿತು. ಹ್ಯಾಂಡಲ್ ಮೇಲಿನ ಮೀಟರ್ ನೋಡಿದರೆ ಪೆಡಲ್ ನಿಮಿಷಕ್ಕೆ 62 ಸುತ್ತು. ಸಾಮಾನ್ಯವಾಗಿ ನಾನು 85ರಲ್ಲಿ ತುಳಿಯುವವನು. ಗೇರ್ ಇಳಿಸಬೇಕೆಂಬ ಎಚ್ಚರವೂ ಇರಲಿಲ್ಲ, ಹಲ್ಲು ಕಚ್ಚಿ ಒತ್ತುತ್ತಲೇ ಇದ್ದೆ. ಅಷ್ಟೇ ಶಕ್ತಿಯನ್ನು 85ರ ಬದಲು 62 ಸುತ್ತಿನಲ್ಲಿ ತೆಗೆಯಬೇಕಾದರೆ ಪ್ರತಿ ತುಳಿತಕ್ಕೂ ಮೊದಲಿಗಿಂತ ಮೂರನೇ ಒಂದು ಪಾಲಿಗೂ ಮಿಕ್ಕಿ ಹೆಚ್ಚುವರಿ ಬಲ ಹಾಕಬೇಕು. ಆ ಭಾರ ಮಂಡಿಚಿಪ್ಪಿನ ಹಿಂದೆ ಹೋಗಿ ಕೂರುತ್ತದೆ. ಮನೆಗೆ ಬಂದು ಕುರ್ಚಿಯಿಂದ ಏಳುವಾಗ ಕೈ ಊರಬೇಕಾಯಿತು. ಅಳತೆಯ ಊಟದ ದಿನಗಳಲ್ಲಿ ಹೊರಡುವ ಮೊದಲು ಒಂದು ಹಣ್ಣು ತಿಂದಿರುತ್ತಿದ್ದೆ. ಅದೇ ಏರಿನಲ್ಲಿ ಸುತ್ತು ಎಂಬತ್ತರ ಕೆಳಗೆ ಇಳಿದದ್ದು ಅಪರೂಪ. ಇನ್ನೊಂದು ಸಣ್ಣ ತಕರಾರು: ಎಂಟು ಗಂಟೆಯಲ್ಲಿ ಎರಡೇ ಊಟ, ಪ್ರೋಟೀನು ಸಾಲುತ್ತಿರಲಿಲ್ಲ. ಮಂಡಿಯನ್ನು ಕಾಯಬೇಕಾದ ತೊಡೆಯ ಸ್ನಾಯು ಟೇಪಿನ ಅಳತೆಯಲ್ಲೇ ಸೊರಗಿತು.

ಹದಿನಾರು ವಾರ, 7.7 ಕಿಲೋ. ಮೆಟ್ಟಿಲು ಹತ್ತುವಾಗಿನ ನೋವು ಮಾಯ. ಸೈಕಲ್ ಮೇಲಿನದು ಇದ್ದಲ್ಲೇ ಇತ್ತು!

ಇದಕ್ಕೆ ಕಾರಣ ಹೊಳೆಯಲು ನನಗೆ ತಡವಾಯಿತು. ತೂಕ ಒಂದು ಕಿಲೋ ಇಳಿದರೆ ಮಂಡಿಯ ಹೊರೆ ನಾಲ್ಕು ಕಿಲೋ ಇಳಿಯುತ್ತದೆ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅದು ಮಂಡಿ ಸವೆತವಿದ್ದ ಹಿರಿಯರನ್ನು ನಡೆಸಿ ನೋಡಿ 2005ರಲ್ಲಿ ಪ್ರಕಟಿಸಿದ ಲೆಕ್ಕ, ಪ್ರತಿ ಹೆಜ್ಜೆಗೆ. ಸೈಕಲ್ ಮೇಲೆ ಮೈಭಾರದ ಹೆಚ್ಚಿನ ಪಾಲನ್ನು ಸೀಟು ಹೊರುತ್ತದೆ. ಅಲ್ಲಿ ಮಂಡಿಗೆ ಸಿಗುವುದು ಪೆಡಲಿಗೆ ಹಾಕುವ ಬಲ ಮತ್ತು ಕಾಲು ಮಡಚುವ ಕೋನ. ಏರಿನಲ್ಲಿ ಮಾತ್ರ ತೂಕ ತನ್ನ ಪಾಲು ಕೇಳುತ್ತದೆ.

ಆಗ ಸೀಟಿನ ಕಡೆ ಕಣ್ಣು ಹೋಯಿತು. ಗೋಡೆಗೆ ಒರಗಿ ಕುಳಿತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೂರ್ತಿ ಕೆಳಗೆ ತಂದೆ. ಕಾಲು ನೆಟ್ಟಗಾಗಬೇಕಿತ್ತು, ಮಂಡಿ ಸ್ಪಷ್ಟವಾಗಿ ಮಡಚಿತ್ತು. ಸವಾರಿಯ ಭಂಗಿಯಲ್ಲಿ ಪೆಡಲ್ ಕೆಳಗಿರುವಾಗ ಮಂಡಿಯ ಬಾಗು 25ರಿಂದ 35 ಡಿಗ್ರಿ ಇರಬೇಕೆನ್ನುತ್ತಾರೆ. ಸೀಟನ್ನು ವಾರಕ್ಕೆ ಮೂರು ನಾಲ್ಕು ಮಿಲಿಮೀಟರಿನಂತೆ ಏರಿಸಿದೆ. ಒಟ್ಟು ಹದಿನಾಲ್ಕು ಮಿಲಿಮೀಟರ್ ಏರಿದ ಹೊತ್ತಿಗೆ ಮುಂಭಾಗದ ನೋವು ಹೋಯಿತು. ದುರಾಸೆಯಿಂದ ಇನ್ನೂ ಮೂರು ಏರಿಸಿದೆ, ಮಂಡಿಯ ಹಿಂಭಾಗ ಎಳೆಯಿತು, ಮತ್ತೆ ಇಳಿಸಿದೆ. ಮಂಡಿ ಊದಿಕೊಂಡರೆ ಅಥವಾ ಸಿಕ್ಕಿಹಾಕಿಕೊಂಡಂತಾದರೆ ಈ ಆಟ ಬೇಡ, ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಅವರನ್ನು ಕೇಳದೆ ಉಪವಾಸಕ್ಕೂ ಇಳಿಯಬಾರದು.

ಈಗ ನನ್ನದು ಅಳತೆಯ ಊಟ. ಸವಾರಿ ಇಲ್ಲದ ದಿನ ರಾತ್ರಿಯಿಂದ ಬೆಳಿಗ್ಗೆಯವರೆಗೆ ಹನ್ನೆರಡು ಗಂಟೆಯ ಬಿಡುವು, ಅದೂ ರಾತ್ರಿ ಸುಮ್ಮನೆ ಬಾಯಾಡಿಸುವ ಚಟ ತಪ್ಪಲಿ ಎಂದು. ಸೀಟು ಅಷ್ಟು ಕೆಳಗೆ ಹೇಗೆ ಹೋಗಿತ್ತು ಎಂಬುದೂ ಮೊನ್ನೆ ನೆನಪಾಯಿತು: ಹಿಂದೊಮ್ಮೆ ಸೈಕಲ್ಲನ್ನು ಕಾರಿನೊಳಗೆ ತುರುಕಲು ನಾನೇ ಇಳಿಸಿದ್ದೆ, ಮತ್ತೆ ಏರಿಸುವಾಗ ಅಂದಾಜಿನಲ್ಲಿ ಬಿಗಿದಿದ್ದೆ. ಈಗ ಸೀಟಿನ ಕಂಬಕ್ಕೆ ಕೆಂಪು ಟೇಪು ಸುತ್ತಿದ್ದೇನೆ.