ಎರಡು ವರ್ಷ ಫ್ಯಾಮಿಲಿ ಲಿಂಕ್ ಬಳಸಿದ ಮೇಲೆ

ಶಿಡ್ಲಘಟ್ಟದ ಹತ್ತಿರದ ಹಳ್ಳಿ ನಮ್ಮದು. ರೇಷ್ಮೆ ಬೆಳೆ. ಹುಳು ಸೊಪ್ಪು ತಿನ್ನದೆ ಮಲಗುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಒಂದು ವಾರ ಮನೆಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಸೊಪ್ಪು ಕೊಯ್ಯಬೇಕು, ಹಾಕಬೇಕು, ಮತ್ತೆ ಕೊಯ್ಯಬೇಕು. ಆ ವಾರ ಮಗಳ ಕೈಗೆ ಮೊಬೈಲ್ ಕೊಡುತ್ತಿದ್ದವಳು ನಾನೇ. ಗೂಡು ಮಾರ್ಕೆಟ್‌ಗೆ ಹೋದ ಮೇಲೂ ಮೊಬೈಲ್ ವಾಪಸ್ ಬರುತ್ತಿರಲಿಲ್ಲ. ಎರಡನೇ ಕ್ಲಾಸಿನ ಹುಡುಗಿ, ಊಟಕ್ಕೆ ಕೂತರೂ ಕಣ್ಣು ಅದರಲ್ಲೇ.

ಆಗ ಅವಳಿಗೆ ಅಂತ ಒಂದು ಸಾಧಾರಣ ಟ್ಯಾಬ್ ತಂದು, ಗೂಗಲ್‌ನ ಫ್ಯಾಮಿಲಿ ಲಿಂಕ್ ಆಪ್ ಹಾಕಿದೆವು. ದುಡ್ಡು ಕೊಡಬೇಕಿಲ್ಲ. ಮಗುವಿನ ಹೆಸರಲ್ಲಿ ಒಂದು ಅಕೌಂಟ್, ಅದರ ಕಡಿವಾಣ ನಮ್ಮ ಫೋನಿನಲ್ಲಿ. ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟಕ್ಕೆ ಬಂದ್, ಯಾವ ಆಪ್ ಬೇಕು, ಯಾವುದು ಬೇಡ, ಎಲ್ಲ ನಾವೇ ಇಡಬಹುದು.

5ರಿಂದ 10 ವರ್ಷದ ಮಕ್ಕಳು ಸ್ಕ್ರೀನ್ ನೋಡುವುದು ದಿನಕ್ಕೆ 2 ಗಂಟೆಗಿಂತ ಕಡಿಮೆ ಇರಲಿ ಅನ್ನುತ್ತದೆ ಭಾರತೀಯ ಮಕ್ಕಳ ವೈದ್ಯರ ಸಂಘ. ಟಿವಿಯೂ ಆ ಲೆಕ್ಕದಲ್ಲೇ ಬರುತ್ತದೆ. ಅದಕ್ಕೇ ಸ್ಕೂಲಿನ ದಿನ 45 ನಿಮಿಷ, ಭಾನುವಾರ ಒಂದು ಗಂಟೆ ಇಟ್ಟೆ.

ಮೊದಲ ತಿಂಗಳು ಬರೀ ಅಳು. ಒಂದು ದಿನ ಕಥೆ ಓದುತ್ತಾ ಕೊನೆಯ ಪುಟಕ್ಕೆ ಬಂದಿದ್ದಳು, ಅಷ್ಟರಲ್ಲಿ ಟ್ಯಾಬ್ ಲಾಕ್ ಆಯಿತು. ಅವತ್ತು ಅವಳದ್ದೇ ನ್ಯಾಯ ಅನ್ನಿಸಿತು. ಕಾರ್ಟೂನಿಗೂ ಕಥೆಗೂ ಒಂದೇ ತಕ್ಕಡಿ ಹಿಡಿದರೆ ಹೇಗೆ, ಅಲ್ವಾ? ಸೆಟ್ಟಿಂಗ್ಸ್‌ನಲ್ಲಿ ಕೆಲವು ಆಪ್‌ಗಳನ್ನು ಯಾವಾಗಲೂ ತೆರೆದಿರಲಿ ಅಂತ ಇಡಬಹುದು. ಪಿಡಿಎಫ್ ಓದುವ ಆಪ್ ಮತ್ತು ಸರ್ಕಾರದ ಕಲಿಕಾ ಆಪ್ ದೀಕ್ಷಾ, ಎರಡನ್ನೂ ಹಾಗೆ ಇಟ್ಟೆ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾದಲ್ಲಿ ಆ ಪಾಠದ ವಿಡಿಯೊ ಬರುತ್ತದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್‌ನಲ್ಲಿ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ. ವಾರಕ್ಕೊಮ್ಮೆ ನಾಲ್ಕೈದು ಇಳಿಸಿಡುತ್ತೇನೆ, ಆಮೇಲೆ ನೆಟ್ ಬೇಕಿಲ್ಲ. ರಾತ್ರಿ ಅವಳು ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳುತ್ತಾಳೆ. ಅದೇ ಕಥೆಯನ್ನು ಅಜ್ಜಿ ತೆಲುಗಿನಲ್ಲಿ, ತಮ್ಮದೂ ಒಂದಿಷ್ಟು ಸೇರಿಸಿ, ವಾಪಸ್ ಹೇಳುತ್ತಾರೆ.

ಮಧ್ಯದಲ್ಲಿ ಒಂದು ದುಡ್ಡಿನ ಕಲಿಕಾ ಆಪ್‌ಗೂ ಸೇರಿದ್ದೆವು. ಮನೆಗೇ ಬಂದು ಒಪ್ಪಿಸಿದರು. ಪ್ರತಿ ಉತ್ತರಕ್ಕೂ ನಾಣ್ಯ, ನಕ್ಷತ್ರ. ಮಗಳು ಪ್ರಶ್ನೆ ಓದದೆ ಸುಮ್ನೆ ಒತ್ತುತ್ತಾ ನಾಣ್ಯ ಕೂಡಿಡುತ್ತಿದ್ದಳು. ಮೂರು ತಿಂಗಳಿಗೆ ತೆಗೆದುಹಾಕಿದೆ, ಕಟ್ಟಿದ ದುಡ್ಡು ಬರಲಿಲ್ಲ.

ಈ ಎರಡು ವರ್ಷದಲ್ಲಿ ನನಗೆ ಜಾಸ್ತಿ ಸಂತೋಷ ಕೊಟ್ಟ ದಿನ ಬೇರೆ. ಒಂದು ಭಾನುವಾರ ಇಬ್ಬರೂ ಕೂತು ರೇಷ್ಮೆ ಹುಳುವಿನ ವಿಡಿಯೊ ನೋಡಿದೆವು. ಮುಗಿಯುವ ಮೊದಲೇ ಟ್ಯಾಬ್ ಕೆಳಗಿಟ್ಟು ಟಾರ್ಚ್ ಹಿಡಿದು ಹುಳು ಮನೆಗೆ ಓಡಿದಳು. ಹುಳುಗಳು ಆಗಷ್ಟೇ ಜ್ವರ ಎದ್ದಿದ್ದವು. ಒಣಗಿದ ಸೊಪ್ಪಿನ ಮಧ್ಯೆ ಬಗ್ಗಿ ಹುಡುಕಿ, ಬೆರಳ ತುದಿಯಲ್ಲಿ ಏನೋ ಎತ್ತಿಕೊಂಡು ಬಂದಳು. ಈರುಳ್ಳಿ ಸಿಪ್ಪೆಗಿಂತ ತೆಳು, ಸುಕ್ಕುಸುಕ್ಕು.

"ಅಮ್ಮಾ, ಹುಳಕ್ಕೆ ಜ್ವರ ಬಂದಿರಲಿಲ್ಲ. ಅದು ಬಟ್ಟೆ ಬದಲಾಯಿಸ್ತಿತ್ತು!"

ನಾನು ಹುಟ್ಟಿದಾಗಿನಿಂದ ಹುಳು ನೋಡುತ್ತಿದ್ದೇನೆ. ಆ ಪೊರೆಯನ್ನು ಕೈಯಲ್ಲಿಟ್ಟು ನೋಡಿದ್ದು ಅವತ್ತೇ. ಅದು ಈಗ ಅವಳ ನೋಟ್‌ಬುಕ್ಕಿನಲ್ಲಿ ಗೋಂದು ಹಚ್ಚಿಕೊಂಡು ಕೂತಿದೆ.

ಫ್ಯಾಮಿಲಿ ಲಿಂಕ್ ಹಾಕಿಸಿಕೊಳ್ಳುವವರಿಗೆ ಎರಡು ಮಾತು. ಫೋನಿನಲ್ಲಿ ಬದಲಿಸಿದ್ದು ಟ್ಯಾಬ್‌ಗೆ ಮುಟ್ಟಬೇಕಾದರೆ ಅದಕ್ಕೆ ನೆಟ್ ಬೇಕು. ಇಲ್ಲದಾಗ ಲಾಕ್ ತೆಗೆಯಲು ನಿಮ್ಮ ಫೋನಿನ ಆಪ್‌ನಲ್ಲೇ ಪೇರೆಂಟ್ ಆಕ್ಸೆಸ್ ಕೋಡ್ ಸಿಗುತ್ತದೆ. ಇನ್ನೊಂದು, ವಿಡಿಯೊ ಆಪ್ ಬಂದ್ ಮಾಡಿ, ಕ್ರೋಮ್ ಬ್ರೌಸರ್ ಬಂದ್ ಮಾಡುವುದನ್ನು ಮರೆಯಬೇಡಿ. ನಾನು ಮರೆತಿದ್ದೆ, ಮಗಳು ಅದರಲ್ಲೇ ಹದಿನೈದು ದಿನ ಕಾರ್ಟೂನ್ ನೋಡಿದಳು.

ಈಗ ನಾಲ್ಕನೇ ಕ್ಲಾಸ್. ಬೆಳೆಯ ಕೊನೇ ವಾರ ಬಂದರೆ ಟ್ಯಾಬ್ ಬೀರುವಿನಲ್ಲಿರುತ್ತದೆ, ಅವಳು ನಮ್ಮ ಜೊತೆ ಹುಳು ಮನೆಯಲ್ಲಿರುತ್ತಾಳೆ.